ಹೊಸ ಗಾಜು, ಹಳೇ ಟೋನ್ ಪೆಟ್ಟಿಗೆ

ಕಾರಿನ ಮುಂದಿನ ಗಾಜಿಗೆ ಕಲ್ಲು ಬಡಿದದ್ದು ಕಿರಂಗೂರು ದಾಟಿದ ಮೇಲೆ. ಮಂಡ್ಯದಲ್ಲಿ ಕೆಲಸ ಮುಗಿಸಿ ಹಳೇ ರಸ್ತೆಯಲ್ಲಿ ಮೈಸೂರಿಗೆ ವಾಪಸ್ ಬರುತ್ತಿದ್ದೆ. ಪಾಂಡವಪುರದ ಕಡೆಯಿಂದ ಬಂದು ಸೇರಿಕೊಂಡ ಟಿಪ್ಪರ್ ಒಂದು ಮುಂದೆ ಹೋಗುತ್ತಿತ್ತು. ತುಂಬಾ ಜಲ್ಲಿ, ಮೇಲೆ ಟಾರ್ಪಾಲು ಇಲ್ಲ. ಅದರ ಹಿಂದಿನ ಚಕ್ರ ಗುಂಡಿಗೆ ಇಳಿದದ್ದು ಕಂಡಿತು, ಆ ಕೂಡಲೇ 'ಟಪ್' ಅಂತ ಸದ್ದು. ಗಾಜಿನ ಎಡಗಡೆ, ವೈಪರ್‌ನಿಂದ ಒಂದು ಗೇಣು ಮೇಲೆ, ಹೆಸರುಕಾಳಿನಷ್ಟು ಪೆಟ್ಟು. ಅದರ ಸುತ್ತ ಕೂದಲಿನಂಥ ಮೂರು ಕಾಲು.

ಅದೇ ವಾರ ಹೋಗಿ ಆ ಪೆಟ್ಟಿಗೆ ರೆಸಿನ್ ಅನ್ನುವ ಅಂಟು ದ್ರವ ತುಂಬಿಸಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಪೆಟ್ಟು ಸಣ್ಣದಿದ್ದು, ಗಾಜಿನ ಅಂಚಿಗೆ ಹತ್ತಿರ ಇಲ್ಲದೆ, ಓಡಿಸುವವರ ಕಣ್ಣಿಗೆ ನೇರ ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಸರಿಮಾಡಿ ಕೊಡುತ್ತಾರೆ. ನಾನು ಮಾಡಿಸಲಿಲ್ಲ. ಮಾರ್ಚ್ ಬಿಸಿಲು ಶುರುವಾಯಿತು. ಒಂದು ಮಧ್ಯಾಹ್ನ ಮಂಡ್ಯದಲ್ಲಿ ಬಿಸಿಲಿಗೆ ನಿಂತ ಕಾರಿಗೆ ಹತ್ತಿ ಎಸಿಯನ್ನು ಪೂರ್ತಿ ತಿರುಗಿಸಿದೆ. ಮೇಲೆ ಕಾದ ಗಾಜು, ಒಳಗಿನಿಂದ ತಣ್ಣನೆ ಗಾಳಿ. 'ಟಿಕ್' ಅಂದಿತು. ಒಂದು ಕಾಲು ನನ್ನ ಕಣ್ಣೆದುರೇ ಒಂದು ಗೇಣು ಓಡಿತು. ಒಳಗಡೆಯಿಂದ ಮಾರ್ಕರ್ ಪೆನ್ನಲ್ಲಿ ತುದಿಗೆ ಗೆರೆ ಎಳೆದು ತಾರೀಖು ಬರೆದೆ. ನಾಲ್ಕು ದಿನದಲ್ಲಿ ನಾಲ್ಕು ಗೆರೆ. ಐದನೇ ದಿನ ಬಿರುಕು ಅಂಚು ಮುಟ್ಟಿತು. ಅಂಚು ಮುಟ್ಟಿದ ಮೇಲೆ ರೆಸಿನ್ ಮಾತು ಮುಗಿಯಿತು, ಗಾಜನ್ನೇ ಬದಲಾಯಿಸಬೇಕು.

ಅಷ್ಟು ಬಿರುಕು ಬಿಟ್ಟರೂ ಅದು ಉದುರಲಿಲ್ಲ, ಯಾಕಂದ್ರೆ ಮುಂದಿನ ಗಾಜು ಒಂದು ಗಾಜಲ್ಲ. ಎರಡು ತೆಳು ಗಾಜುಗಳ ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಹಾಳೆ. ಆ ಹಾಳೆಯ ದಪ್ಪ ಸಾಮಾನ್ಯವಾಗಿ 0.76 ಮಿಲಿಮೀಟರ್. ಪಕ್ಕದ ಕಿಟಕಿ ಗಾಜು ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಪುಡಿಯಾಗುತ್ತದೆ. ಮುಂದಿನದು ಒಡೆದರೂ ಹಾಳೆಗೆ ಅಂಟಿಕೊಂಡು ನಿಲ್ಲುತ್ತದೆ. 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಅನ್ನುವ ರಸಾಯನಶಾಸ್ತ್ರಜ್ಞರ ಕೈಯಿಂದ ಒಂದು ಗಾಜಿನ ಫ್ಲಾಸ್ಕ್ ಬಿತ್ತಂತೆ. ಬಿರುಕು ಬಿಟ್ಟಿತು, ಚೂರಾಗಲಿಲ್ಲ. ಒಳಗೆ ಒಣಗಿದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದುಕೊಂಡಿತ್ತು. 1909ರಲ್ಲಿ ಅವರು ಪೇಟೆಂಟ್ ಪಡೆದರು. ನಮ್ಮ ತಲೆ ಉಳಿಸುತ್ತಿರುವುದು ಅವತ್ತು ಬಿದ್ದ ಆ ಫ್ಲಾಸ್ಕು.

ಇನ್ಶೂರೆನ್ಸ್ ವಿಷಯ ಬೇಗ ಹೇಳಿಬಿಡುತ್ತೇನೆ. ಕಾಂಪ್ರೆಹೆನ್ಸಿವ್ ಪಾಲಿಸಿಯಲ್ಲಿ ಗಾಜಿಗೆ ಡಿಪ್ರಿಸಿಯೇಷನ್, ಅಂದರೆ ಸವಕಳಿ, ಕಳೆಯುವುದಿಲ್ಲ. ನನ್ನ ಕಾರಿನ ಇಂಜಿನ್ 1500 ಸಿಸಿಗಿಂತ ಕಡಿಮೆ, ಹಾಗಾಗಿ ಕಡ್ಡಾಯವಾಗಿ ಕೈಯಿಂದ ಕೊಡಬೇಕಾದದ್ದು ₹1,000. ಆದರೆ ಕ್ಲೈಮ್ ಮಾಡಿದರೆ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ನನಗೆ 45 ಪರ್ಸೆಂಟ್ ಇತ್ತು. ಅದು ಸೊನ್ನೆಗೆ ಇಳಿದು ಮತ್ತೆ 20, 25, 35 ಅಂತ ಮೆಟ್ಟಿಲು ಹತ್ತಿ ಬರಬೇಕು. ಗಾಜಿನ ಬೆಲೆ ಒಂದು ಕಡೆ, ಬರುವ ವರ್ಷಗಳ ಪ್ರೀಮಿಯಂ ಇನ್ನೊಂದು ಕಡೆ ಬರೆದು ಕೂಡಿಸಿದೆ. ಕ್ಲೈಮ್ ಮಾಡುವುದೇ ನಷ್ಟ ಅಂತ ಬಂತು. ಕೈಯಿಂದಲೇ ಕೊಟ್ಟೆ. ದೊಡ್ಡ ಕಾರು, ಮಳೆ ಸೆನ್ಸರ್, ಕ್ಯಾಮೆರಾ ಇರುವ ಗಾಜು ಆದರೆ ಲೆಕ್ಕ ಬೇರೆಯೇ ಇರುತ್ತದೆ. ಸುಮ್ನೆ ಯಾರೋ ಹೇಳಿದರು ಅಂತ ಕ್ಲೈಮ್ ಮಾಡಬೇಡಿ, ಬಿಡಲೂ ಬೇಡಿ. ಕೂಡಿಸಿ ನೋಡಿ.

ಮೈಸೂರಿನ ಒಂದು ಗಾಜಿನ ಅಂಗಡಿಗೆ ಬೆಳಿಗ್ಗೆ ಒಂಬತ್ತಕ್ಕೆ ಕಾರು ತೆಗೆದುಕೊಂಡು ಹೋದೆ. ಹೊಸ ಗಾಜಿನ ಮೂಲೆಯಲ್ಲಿ ಐಎಸ್ಐ ಗುರುತು, ಸುರಕ್ಷತಾ ಗಾಜಿನ ಮಾನದಂಡವಾದ ಐಎಸ್ 2553 ಸಂಖ್ಯೆ, ಲ್ಯಾಮಿನೇಟೆಡ್ ಅನ್ನುವ ಮಾತು ಮೂರೂ ಇವೆಯಾ ಅಂತ ನೋಡಿಕೊಂಡೆ. ಇದ್ದವು. ನಿಂತು ನೋಡಬಹುದಾ ಅಂತ ಕೇಳಿದಾಗ ಮೇಸ್ತ್ರಿ ಸ್ಟೂಲ್ ಎಳೆದು ಕೊಟ್ಟರು.

ಮೊದಲು ವೈಪರ್ ಬಿಚ್ಚಿದರು, ಅದರ ಕೆಳಗಿನ ಪ್ಲಾಸ್ಟಿಕ್ ತೆಗೆದರು. ಒಳಗೆ ಗಾಜಿನ ಎರಡೂ ಪಕ್ಕದ ಕಂಬವನ್ನು ಮುಚ್ಚಿರುವ ಪ್ಲಾಸ್ಟಿಕ್ ಟ್ರಿಮ್ ಎಳೆದರು. ಆಮೇಲೆ ಬಂತು ತಂತಿ. ಹಳೇ ಗಮ್ಮಿನಲ್ಲಿ ದಬ್ಬಳದಿಂದ ತೂತು ಮಾಡಿ, ಅದರೊಳಗಿಂದ ಸಣ್ಣ ಸ್ಟೀಲ್ ತಂತಿ ತೂರಿಸಿ, ಒಬ್ಬರು ಒಳಗೆ ಒಬ್ಬರು ಹೊರಗೆ ಕೂತು ಗರಗಸದ ಹಾಗೆ ಎಳೆಯುತ್ತಾ ಸುತ್ತ ಬಂದರು. ತಂತಿ ಕೂತಲ್ಲಿ ನಿಂತಲ್ಲಿ 'ಕರ್‌ರ್' ಅನ್ನುತ್ತಿತ್ತು. ಬಿಗಿ ಇದ್ದ ಕಡೆ ಸ್ವರ ಏರುತ್ತಿತ್ತು, ಗಮ್ಮು ಮೆತ್ತಗಿದ್ದ ಕಡೆ ಇಳಿಯುತ್ತಿತ್ತು. ಇಪ್ಪತ್ತು ನಿಮಿಷ ಅದನ್ನೇ ಕೇಳುತ್ತಾ ಕೂತಿದ್ದೆ.

ಹಳೇ ಗಮ್ಮನ್ನು ಪೂರ್ತಿ ಕೆರೆದು ತೆಗೆಯುವುದಿಲ್ಲ ಅಂತ ಅವತ್ತು ಕಣ್ಣಾರೆ ನೋಡಿದೆ. ಒಂದೆರಡು ಮಿಲಿಮೀಟರ್ ದಪ್ಪ ಬಿಟ್ಟು ಮೇಲಿನದನ್ನು ಸಮವಾಗಿ ಸೀಳುತ್ತಾರೆ. ಹೊಸ ಯುರಿಥೇನ್ ಗಮ್ಮು ಬಣ್ಣದ ಮೇಲೆ ಹಿಡಿಯುವುದಕ್ಕಿಂತ ಹಳೇ ಗಮ್ಮಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಬಣ್ಣ ಗೀರಿದ ಜಾಗಕ್ಕೆಲ್ಲ ಕಪ್ಪು ಪ್ರೈಮರ್ ಬಳಿದರು, ಇಲ್ಲದಿದ್ದರೆ ಅಲ್ಲಿ ತುಕ್ಕು. ಗಾಜಿನ ಸುತ್ತ ಇರುವ ಕಪ್ಪು ಪಟ್ಟಿ ಅಂದಕ್ಕೆ ಅಂದುಕೊಂಡಿದ್ದೆ. ಅದು ಗಮ್ಮಿಗೆ ಬಿಸಿಲು ತಾಗದಂತೆ ಕಾಯುವ ಕೊಡೆ.

ಟ್ಯೂಬಿನ ಮೂತಿಯನ್ನು 'ವಿ' ಆಕಾರಕ್ಕೆ ಕತ್ತರಿಸಿ ಗಮ್ಮು ಬಿಡಲು ಶುರುಮಾಡಿದರು. ನಿಂತ ತ್ರಿಕೋನದಂತೆ, ಕಪ್ಪಗೆ, ಒಂದೇ ಎತ್ತರದಲ್ಲಿ ಸಾಗುವ ಸಾಲು. ಆ ಕೈ ನಡುಗಲೇ ಇಲ್ಲ. ಬಲಗಡೆ ಮೇಲಿನ ಮೂಲೆ ಹತ್ತಿರ ಬಂದಾಗ ಟ್ಯೂಬು ಮುಗಿಯಿತು. ಹೊಸ ಟ್ಯೂಬು ಹುಡುಕಿ, ಮೂತಿ ಕತ್ತರಿಸಿ, ಮತ್ತೆ ಶುರುಮಾಡುವಷ್ಟರಲ್ಲಿ ಐದಾರು ನಿಮಿಷ ಆಯಿತು. ಅದನ್ನು ನೋಡಿದೆ. ಏನೂ ಅನ್ನಿಸಲಿಲ್ಲ.

ರಬ್ಬರ್ ಬಟ್ಟಲು ಕಚ್ಚಿಸಿ ಇಬ್ಬರು ಗಾಜು ಎತ್ತಿ ಕೂರಿಸಿದರು, ಅಂಗೈಯಿಂದ ಒತ್ತಿದರು, ಟೇಪು ಹಾಕಿದರು. ಒಂದು ಗಂಟೆ ಬಿಟ್ಟು ಒಯ್ಯಬಹುದು ಅಂದರು. ಟ್ಯೂಬಿನ ಮೇಲೆ ಬರೆದಿದ್ದ ಸಮಯ ಅದಕ್ಕಿಂತ ಜಾಸ್ತಿ ಇತ್ತು, ನಾನು ಸಂಜೆವರೆಗೆ ಅಲ್ಲೇ ಬಿಟ್ಟೆ. ಈ ಗಮ್ಮು ಗಟ್ಟಿಯಾಗುವುದು ಗಾಳಿಯ ತೇವ ಹೀರಿಕೊಂಡು. ಎರಡು ದಿನ ಕಿಟಕಿ ಒಂದು ಬೆರಳು ತೆರೆದೇ ಇಟ್ಟೆ, ಬಾಗಿಲು ಹಾಕಿದಾಗ ಒಳಗಿನ ಗಾಳಿ ಗಾಜನ್ನು ದೂಡಬಾರದು ಅಂತ. ಆತುರ ಬೇಡ ಅನ್ನುವುದಕ್ಕೆ ಕಾರಣ ಇದೆ. ಎಷ್ಟೋ ಕಾರುಗಳಲ್ಲಿ ಎಡಗಡೆಯ ಏರ್‌ಬ್ಯಾಗ್ ಉಬ್ಬುವಾಗ ಗಾಜಿಗೇ ಒರಗಿ ನಿಲ್ಲುತ್ತದೆ. ಕಾರು ಮಗುಚಿದರೆ ಮಾಡಿನ ಭಾರದಲ್ಲಿ ಗಾಜಿಗೂ ಪಾಲಿದೆ. ಅಂಚಿನ ಗಮ್ಮು ಸರಿ ಇದ್ದರೆ ಮಾತ್ರ ಇದೆಲ್ಲ.

ಫಾಸ್ಟ್ಯಾಗ್ ಹಳೇ ಗಾಜಿನ ಜೊತೆಗೇ ಹೋಯಿತು. ಕಿತ್ತರೆ ಒಳಗಿನ ಆಂಟೆನಾ ಹರಿಯುವಂತೆಯೇ ಅದನ್ನು ಮಾಡಿರುತ್ತಾರೆ. ಬ್ಯಾಂಕಿಗೆ ಹೇಳಿ ಬದಲಿ ಟ್ಯಾಗ್ ತರಿಸಿಕೊಂಡೆ. ಅದು ಬರುವವರೆಗೆ ಎಕ್ಸ್‌ಪ್ರೆಸ್‌ವೇಯ ಗಣಂಗೂರು ಟೋಲ್ ಕಡೆ ಹೋಗದೆ ಹಳೇ ರಸ್ತೆಯಲ್ಲೇ ಓಡಾಡಿದೆ.

ಟ್ಯಾಗ್ ಬಂದ ಮೇಲೆ ಎಕ್ಸ್‌ಪ್ರೆಸ್‌ವೇ ಹತ್ತಿದೆ. ಎಂಬತ್ತು ದಾಟಿದ್ದೇ ಬಲಗಿವಿಯ ಹತ್ತಿರ ಸಣ್ಣಗೆ ಶಿಳ್ಳೆ. ತೊಂಬತ್ತಕ್ಕೆ ಇನ್ನೂ ಸ್ಪಷ್ಟ. ಹಾಡು ಹಾಕಿದರೆ ಬೇರೆ ತೊಂದರೆ. ಮೃದಂಗದ ತೊಪ್ಪಿ, ಅಂದರೆ ಎಡಮುಖದ ದಪ್ಪ ಪೆಟ್ಟು, ಬಿದ್ದಾಗಲೆಲ್ಲ ಎಡಗಡೆ ಎಲ್ಲೋ 'ಜುರ್' ಅನ್ನುವ ನಡುಕ. ಮನೆಯಲ್ಲಿ ಪೈಪು ಹಿಡಿದು ಹತ್ತು ನಿಮಿಷ ನೀರು ಬಿಟ್ಟೆ, ಒಳಗೆ ಒಂದು ಹನಿ ಕಾಣಲಿಲ್ಲ. ಅಂಗಡಿಗೆ ಹೋದರೆ, "ನೀರು ಬರ್ತಿಲ್ವಲ್ಲ ಸಾರ್. ಹೊಸ ಬೀಡಿಂಗು, ನಾಲ್ಕು ದಿನಕ್ಕೆ ಕೂತ್ಕೊಳ್ಳುತ್ತೆ ಬಿಡಿ" ಅಂದರು. ಅವರ ಮಾತಿನಲ್ಲಿ ಮೋಸ ಇರಲಿಲ್ಲ. ನನ್ನ ಕಿವಿಗೆ ಕೇಳಿದ್ದನ್ನು ಅವರ ಕಿವಿಗೆ ಕೇಳಿಸುವ ದಾರಿ ನನ್ನ ಹತ್ತಿರ ಇರಲಿಲ್ಲ, ಅಷ್ಟೇ.

ಮನೆಗೆ ಬಂದು ಅಟ್ಟದಿಂದ, ಒಂದೇ ಸ್ವರ ಹೊರಡಿಸುವ ನನ್ನ ಟೋನ್ ಪೆಟ್ಟಿಗೆ ಇಳಿಸಿದೆ.

ಆಂಪ್ಲಿಫೈಯರ್ ಕಟ್ಟುವ ಹುಚ್ಚು ನನಗೆ ಡಿಪ್ಲೊಮಾ ದಿನಗಳಿಂದ ಇದೆ. ಕಟ್ಟಿದ ಆಂಪ್ಲಿಫೈಯರ್ ಸರಿ ಇದೆಯಾ ಅಂತ ಹಾಡು ಹಾಕಿ ಹೇಳುವುದು ಕಷ್ಟ. ಹಾಡಿನಲ್ಲಿ ಸಾವಿರ ಸದ್ದು ಕಲಸಿಕೊಂಡಿರುತ್ತದೆ. ಅದಕ್ಕೆ ಒಂದೇ ಸ್ವರದ, ನಯವಾದ ಸೈನ್ ಅಲೆ ಬೇಕು. ಗೊತ್ತಿರುವುದನ್ನು ಒಳಗೆ ಕಳಿಸಿ, ಹೊರಗೆ ಬಂದದ್ದರಲ್ಲಿ ಹೊಸದೇನು ಸೇರಿತು ಅಂತ ನೋಡುವುದು. ಹಾಡುವವರಿಗೆ ಶ್ರುತಿ ಪೆಟ್ಟಿಗೆ ಹೇಗೋ ನಮಗೆ ಇದು ಹಾಗೆ. ಹಿಂದೆ ದೂರದರ್ಶನದಲ್ಲಿ ಕಾರ್ಯಕ್ರಮ ಶುರುವಾಗುವ ಮೊದಲು ಬಣ್ಣದ ಪಟ್ಟಿ ತೋರಿಸಿ 'ಕೂ' ಅಂತ ಒಂದೇ ಸದ್ದು ಬರುತ್ತಿತ್ತಲ್ಲ, ಅದೇ ಟೆಸ್ಟ್ ಟೋನ್. ಮನೆಯವರೆಲ್ಲ ಕಿವಿ ಮುಚ್ಚಿಕೊಂಡರೆ ನಾನು ಅದನ್ನು ಕೇಳಲು ಕೂರುತ್ತಿದ್ದೆ.

ನನ್ನ ಮೊದಲ ಪೆಟ್ಟಿಗೆ ವೀನ್ ಬ್ರಿಡ್ಜ್ ಆಸಿಲೇಟರ್, ಅಂದರೆ ಸೈನ್ ಅಲೆ ಹುಟ್ಟಿಸುವ ಒಂದು ಸರ್ಕ್ಯೂಟ್. ಅದರೊಳಗೆ ಒಂದು ಪುಟ್ಟ ಬಲ್ಬ್ ಇದೆ, ಬೆಳಕಿಗಲ್ಲ. ಅಲೆ ದೊಡ್ಡದಾದರೆ ಬಲ್ಬಿನ ತಂತಿ ಬಿಸಿಯಾಗಿ ಅದರ ರೆಸಿಸ್ಟೆನ್ಸ್ ಏರುತ್ತದೆ, ಅದು ಅಲೆಯನ್ನು ತಗ್ಗಿಸುತ್ತದೆ. ಸಣ್ಣದಾದರೆ ತಣ್ಣಗಾಗಿ ಮೇಲಕ್ಕೆ ಬಿಡುತ್ತದೆ. ಸ್ವರ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಬಿಲ್ ಹ್ಯೂಲೆಟ್ ಈ ಉಪಾಯ ಬಳಸಿದರು. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1939ರಲ್ಲಿ ಒಂದು ಗ್ಯಾರೇಜಿನಲ್ಲಿ ಶುರುವಾದದ್ದೇ 200ಎ ಅನ್ನುವ ಇಂಥ ಟೋನ್ ಪೆಟ್ಟಿಗೆಯಿಂದ. ನಮ್ಮೂರಲ್ಲೂ ಈ ಹುಚ್ಚಿಗೆ ಹಿರಿಯರಿದ್ದಾರೆ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದರು, 'ಆಕಾಶವಾಣಿ' ಅನ್ನುವ ಹೆಸರು ಹುಟ್ಟಿದ್ದು ಅಲ್ಲಿ. ಯಾದವಗಿರಿಯ ಆಕಾಶವಾಣಿ ಮುಂದೆ ಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಈಗ ಜಾಸ್ತಿ ಬಳಸುವುದು ಅಂಥದ್ದೇ ಅಲೆ ಹುಟ್ಟಿಸುವ ಎಡಿ9833 ಚಿಪ್ ಇರುವ ಸಣ್ಣ ಬೋರ್ಡು. ಅದರ ಮೇಲೆ 25 ಮೆಗಾಹರ್ಟ್ಸ್ ಕ್ರಿಸ್ಟಲ್ ಇದೆ. ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ ಎಷ್ಟು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಅಲೆ, ಬೇಕು ಅಂತ ಹೇಳಿದರೆ ಅಷ್ಟೇ ಕೊಡುತ್ತದೆ, 0.1 ಹರ್ಟ್ಸ್‌ವರೆಗೆ ಸೂಕ್ಷ್ಮ.

ಮೊದಲು ಎಡಗಡೆಯ ನಡುಕ ಹಿಡಿದೆ. ಇಂಜಿನ್ ಬಂದ್ ಮಾಡಿ, ಪೆಟ್ಟಿಗೆಯ ವೈರನ್ನು ಕಾರಿನ ಸ್ಟೀರಿಯೋದ ಆಕ್ಸ್ ತೂತಿಗೆ ಚುಚ್ಚಿ, 40 ಹರ್ಟ್ಸ್‌ನಿಂದ ನಿಧಾನಕ್ಕೆ ಮೇಲೆ ತಂದೆ. 90ರವರೆಗೆ ಬರೀ ಗುಂಯ್. 112 ಮುಟ್ಟುವಾಗ ಏನೋ ಕೆರೆದಂತೆ. 116ಕ್ಕೆ 'ಜುರ್‌ರ್' ಅಂತ ನಿಂತೇ ಬಿಟ್ಟಿತು. 121 ದಾಟಿದರೆ ಮಾಯ. ಅಂದರೆ ಅಲ್ಲಿ ಸಡಿಲವಾಗಿರುವ ವಸ್ತುವಿನ ಸ್ವಂತ ಸ್ವರ 116ರ ಹತ್ತಿರ ಇದೆ. ಹಾಡಿನಲ್ಲಿ ಅದು ಬಂದು ಹೋಗುತ್ತದೆ, ಹಿಡಿಯಲು ಆಗುವುದಿಲ್ಲ. ಟೋನ್‌ನಲ್ಲಿ ಅದನ್ನು ಅಲ್ಲೇ ನಿಲ್ಲಿಸಿ ಕೈಯಿಂದ ಹುಡುಕಬಹುದು. ಡ್ಯಾಶ್‌ಬೋರ್ಡ್ ಒತ್ತಿದೆ, ಕನ್ನಡಿ ಹಿಡಿದೆ, ಗಾಳಿ ಬರುವ ಜಾಲರಿ ಒತ್ತಿದೆ. ಎಡ ಕಂಬದ ಟ್ರಿಮ್ ಮೇಲೆ ಎರಡು ಬೆರಳು ಇಟ್ಟಾಗ ಸದ್ದು ನಿಂತಿತು. ಬೆರಳು ತೆಗೆದರೆ ಮತ್ತೆ. ಬಿಚ್ಚಿ ನೋಡಿದರೆ ಮೂರು ಕ್ಲಿಪ್‌ಗಳಲ್ಲಿ ನಡುವಿನದು ಮುರಿದಿತ್ತು. ಹೊಸ ಕ್ಲಿಪ್ ಹಾಕಿ ಮತ್ತೆ 116 ಕೊಟ್ಟೆ. ಬರೀ ಗುಂಯ್, ಅದೂ ಸ್ಪೀಕರ್‌ನಿಂದ ಮಾತ್ರ.

ಶಿಳ್ಳೆ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕಾರಿನೊಳಗೆ 1000 ಹರ್ಟ್ಸ್ ಹಾಕಿ, ಎಲ್ಲಾ ಮುಚ್ಚಿ, ಹೊರಗಿಂದ ಗಾಜಿನ ಅಂಚಿಗೆ ಕಿವಿ ಇಟ್ಟೆ. ಎಲ್ಲಾ ಕಡೆಯೂ ಒಂದೇ ಥರ ಕೇಳುತ್ತಿತ್ತು. ಯೋಚಿಸಿದರೆ ಕಾರಣ ಸರಳ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. 1000 ಹರ್ಟ್ಸ್ ಅಂದರೆ ಒಂದೊಂದು ಅಲೆ ಮೊಳಕ್ಕಿಂತ ಸ್ವಲ್ಪ ಕಡಿಮೆ, 34.5 ಸೆಂಟಿಮೀಟರ್. ಅದು ತಗಡನ್ನೂ ಗಾಜನ್ನೂ ನಡುಗಿಸಿಕೊಂಡು, ಮೂಲೆ ಬಳಸಿಕೊಂಡು ಎಲ್ಲಿಂದಲಾದರೂ ಬರುತ್ತದೆ. ಸೂಜಿಯಷ್ಟು ಸಂದು ಹುಡುಕಲು ಅಲೆ ಅದಕ್ಕಿಂತ ತುಂಬಾ ಸಣ್ಣದಿರಬೇಕು. 40 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ ಒಂದು ಸೆಂಟಿಮೀಟರೂ ಇಲ್ಲ, 8.6 ಮಿಲಿಮೀಟರ್. ಅದು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ. ಗಾಜಿಗೆ ಬಡಿದರೆ ವಾಪಸ್ ಬರುತ್ತದೆ, ಸಂದು ಸಿಕ್ಕರೆ ಮಾತ್ರ ಹೊರಗೆ. ಕಾರು ಕಾರ್ಖಾನೆಗಳಲ್ಲಿ ನೀರು ಸೋರುವ ಜಾಗ ಹುಡುಕಲು ಹೀಗೆ ಅಲ್ಟ್ರಾಸೌಂಡ್ ಬಳಸುವುದುಂಟು.

ದೂರ ಅಳೆಯುವ ಎಚ್‌ಸಿ-ಎಸ್ಆರ್04 ಬೋರ್ಡ್ ನನ್ನ ಡಬ್ಬಿಯಲ್ಲಿ ಬಿದ್ದಿತ್ತು. ಎರಡು ಕಣ್ಣಿನಂತೆ ಕಾಣುತ್ತದಲ್ಲ, ಅದು. ಒಂದು ಕಣ್ಣು 40 ಕಿಲೋಹರ್ಟ್ಸ್ ಕೂಗುತ್ತದೆ, ಇನ್ನೊಂದು ಕೇಳುತ್ತದೆ. ಎರಡನ್ನೂ ಕಿತ್ತೆ. ಕೂಗುವ ಕಣ್ಣಿಗೆ ಎಡಿ9833ರಿಂದ 40 ಕಿಲೋಹರ್ಟ್ಸ್ ಕೊಟ್ಟೆ. ಚಿಪ್ಪಿನ ಔಟ್‌ಪುಟ್ ಒಂದು ವೋಲ್ಟೂ ಇಲ್ಲ, ನಡುವೆ ಟಿಎಲ್072 ಅನ್ನುವ ಆಂಪ್ಲಿಫೈಯರ್ ಚಿಪ್ ಹಾಕಿ ಏರಿಸಿದೆ. ಕೇಳುವ ಕಣ್ಣಿನಿಂದ ಬಂದದ್ದನ್ನು ಎನ್ಇ5532 ಅನ್ನುವ ಇನ್ನೊಂದು ಅಂಥ ಚಿಪ್‌ನಲ್ಲಿ ಎರಡು ಸಲ ದೊಡ್ಡದು ಮಾಡಿದೆ. ಆದರೆ 40 ಕಿಲೋಹರ್ಟ್ಸ್ ಮನುಷ್ಯನ ಕಿವಿಗೆ ಬೀಳುವುದಿಲ್ಲ, 20 ದಾಟಿದರೆ ಯಾರಿಗೂ ಇಲ್ಲ. ಅದಕ್ಕೆ ಟೋನ್ ಹುಟ್ಟಿಸುವ ಹಳೇ ಎಕ್ಸ್ಆರ್2206 ಕಿಟ್‌ನಿಂದ 38 ಕಿಲೋಹರ್ಟ್ಸ್ ತೆಗೆದು, ಅದರಿಂದ ಸಿಡಿ4066 ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚನ್ನು ಅಷ್ಟೇ ವೇಗದಲ್ಲಿ ತೆರೆದು ಮುಚ್ಚಿಸಿ, ಬಂದ ಸದ್ದನ್ನು ಅದರೊಳಗೆ ಹಾಯಿಸಿದೆ. ಹೀಗೆ ಎರಡು ಸ್ವರ ಕಲೆತರೆ ಅವುಗಳ ವ್ಯತ್ಯಾಸದ ಸ್ವರ ಹುಟ್ಟುತ್ತದೆ. 40ರಲ್ಲಿ 38 ಹೋದರೆ 2. ಎರಡು ಕಿಲೋಹರ್ಟ್ಸ್ ಶಿಳ್ಳೆ, ಎಲ್ಎಂ386 ಆಂಪ್ಲಿಫೈಯರ್ ಚಿಪ್ ದಾಟಿ ಹೆಡ್‌ಫೋನಿಗೆ ಬಂತು. ಬಾವಲಿಯ ಕೂಗು ಕೇಳುವ ಪೆಟ್ಟಿಗೆಗಳೂ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಎರಡು ಭಾನುವಾರ ಹಿಡಿಯಿತು. ಬಿಡಿಭಾಗ ತರಲು ಶಿವರಾಂಪೇಟೆಗೆ ಒಂದು ಸಲ ಹೋಗಿ ಬಂದದ್ದು ಬಿಟ್ಟರೆ ಎಲ್ಲಾ ಮನೆಯಲ್ಲಿದ್ದ ಸಾಮಾನೇ.

ಸಂಜೆ ಆರು ಗಂಟೆ. ಕೂಗುವ ಕಣ್ಣನ್ನು ಡ್ಯಾಶ್‌ಬೋರ್ಡ್ ಮೇಲೆ ಗಾಜಿಗೆ ಮುಖಮಾಡಿ ಇಟ್ಟು ಬಾಗಿಲು ಹಾಕಿದೆ. ಕೇಳುವ ಕಣ್ಣಿಗೆ ಖಾಲಿ ಪೆನ್ನಿನ ಕೊಳವೆ ಸಿಕ್ಕಿಸಿ, ಗಾಜಿನ ಎಡ ಕೆಳಮೂಲೆಯಿಂದ ಶುರುಮಾಡಿದೆ. ಅಂಚಿಗೆ ತಾಗಿಸಿಕೊಂಡು, ಇರುವೆ ನಡೆಯುವಷ್ಟು ನಿಧಾನ. ಹೆಡ್‌ಫೋನಿನಲ್ಲಿ ಬರೀ 'ಸ್ಸ್' ಅನ್ನುವ ಹಿನ್ನೆಲೆ. ಎಡಗಡೆ ಪೂರ್ತಿ ಶುದ್ಧ. ಮೇಲಿನ ಅಂಚು ಮುಕ್ಕಾಲು ಶುದ್ಧ. ಬಲ ಮೂಲೆಗೆ ನಾಲ್ಕು ಬೆರಳು ಇರುವಾಗ ಸಣ್ಣಗೆ 'ಪೀ' ಅಂತ ಎದ್ದಿತು. ಇನ್ನೊಂದು ಬೆರಳು ಸರಿಸಿದೆ. ಕಿವಿ ತುಂಬಿತು. ಮುಂದೆ ಹೋದರೆ ಮತ್ತೆ ಮೌನ. ವಾಪಸ್ ತಂದರೆ ಮತ್ತೆ ಪೀ. ಐದು ಸಲ ಮಾಡಿದೆ, ಐದು ಸಲವೂ ಅದೇ ಜಾಗ. ಮಾರ್ಕರ್ ಪೆನ್ನಲ್ಲಿ ಎರಡು ಗೆರೆ ಎಳೆದೆ. ನಡುವಿನ ದೂರ ಎರಡು ಸೆಂಟಿಮೀಟರ್. ಆಗ ನೆನಪಾಯಿತು, ಟ್ಯೂಬು ಮುಗಿದದ್ದು ಅಲ್ಲೇ.

ಮರುದಿನ ಪೆಟ್ಟಿಗೆ ಸಮೇತ ಅಂಗಡಿಗೆ ಹೋದೆ. ಜಗಳ ಮಾಡುವ ಮನಸ್ಸಿರಲಿಲ್ಲ. ಹೆಡ್‌ಫೋನನ್ನು ಮೇಸ್ತ್ರಿ ತಲೆಗೆ ಹಾಕಿ, ಕೊಳವೆ ಅವರ ಕೈಗೆ ಕೊಟ್ಟೆ. ಗೆರೆ ಎಳೆದದ್ದನ್ನು ಒರೆಸಿಬಿಟ್ಟಿದ್ದೆ. ಅವರು ಎಡಗಡೆಯಿಂದ ಶುರುಮಾಡಿ ಮೇಲೆ ಬಂದು, ಬಲ ಮೂಲೆಯಲ್ಲಿ ನಿಂತರು. ಹಿಂದೆ ಮುಂದೆ ಎರಡು ಸಲ ಆಡಿಸಿದರು. ಹೆಡ್‌ಫೋನ್ ತೆಗೆದು, "ಜಾಯಿಂಟು ಸಾರ್. ಟ್ಯೂಬ್ ಚೇಂಜ್ ಮಾಡಿದ್ ಜಾಗ. ಮೇಲ್ಗಡೆ ಚರ್ಮ ಕಟ್ಬಿಟ್ಟಿದೆ, ಹೊಸ್ದು ಕೂಡ್ಕೊಂಡಿಲ್ಲ" ಅಂದರು. ಬೇರೆ ಯಾರೂ ಇಷ್ಟು ನೇರವಾಗಿ ಒಪ್ಪುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಹೊರಗಿಂದ ಸಿಲಿಕೋನ್ ತುಂಬಿದರೆ ನಡೆಯಲ್ವಾ ಅಂತ ಹುಡುಗನೊಬ್ಬ ಕೇಳಿದ. ಮೇಸ್ತ್ರಿ ಬೇಡ ಅಂದರು. ಗಮ್ಮು ಒಳಗೆ ಹಿಡಿದಿಲ್ಲದಿದ್ದರೆ ಮೇಲೆ ಮುಚ್ಚಿ ಪ್ರಯೋಜನವಿಲ್ಲ, ಒಂದು ಮಳೆಗಾಲ ಕಳೆದರೆ ತಗಡಿಗೆ ತುಕ್ಕು ಹಿಡಿಯುತ್ತದೆ ಅಂತ.

ಮತ್ತೆ ತಂತಿ, ಮತ್ತೆ 'ಕರ್‌ರ್'. ಗಾಜು ಬಿರುಕು ಬಿಡದೆ ಇಡಿಯಾಗಿ ಎದ್ದು ಬಂತು. ಬಲ ಮೂಲೆಯ ಗಮ್ಮನ್ನು ಬೆರಳಿಂದ ಬಿಡಿಸಿ ತೋರಿಸಿದರು. ಎರಡು ಸಾಲು ಒಂದರ ಮೇಲೊಂದು ಕೂತಿದ್ದವು, ಒಂದಾಗಿರಲಿಲ್ಲ. ನಡುವೆ ದಬ್ಬಳ ಹೋಗುವಷ್ಟು ಸುರಂಗ, ಓರೆಯಾಗಿ ಒಳಗೆ ಹೋಗಿತ್ತು. ಪೈಪಿನ ನೀರು ಯಾಕೆ ಕಾಣಲಿಲ್ಲ ಅಂತಲೂ ಗೊತ್ತಾಯಿತು. ಸುರಂಗದ ಒಳಬಾಯಿ ಕಂಬದ ಟ್ರಿಮ್ ಹಿಂದೆ ಇತ್ತು. ಟ್ರಿಮ್ ಬಿಚ್ಚಿದಾಗ ಒಳಗಿನ ಸ್ಪಂಜು ಒದ್ದೆ.

ಈ ಸಲ ಎರಡು ಟ್ಯೂಬನ್ನೂ ಮೊದಲೇ ಕತ್ತರಿಸಿ ಪಕ್ಕದಲ್ಲಿ ಇಟ್ಟುಕೊಂಡರು. ಜಾಯಿಂಟ್ ಬಂದಾಗ ಹೊಸ ಮೂತಿಯನ್ನು ಹಳೇ ಸಾಲಿನೊಳಗೆ ಒಂದಿಂಚು ಹೊಗಿಸಿ, ಅಲ್ಲಿಂದ ಮುಂದೆ ಎಳೆದು, ಕಡ್ಡಿಯಿಂದ ಒತ್ತಿ ಸೇರಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ಮನೆಯಲ್ಲಿ ಮತ್ತೆ ಕೊಳವೆ ಹಿಡಿದೆ. ಎಡ ಕೆಳಮೂಲೆಯಿಂದ ಹೊರಟು ಸುತ್ತ ಬಂದು ಅಲ್ಲಿಗೇ ಸೇರುವವರೆಗೂ ಬರೀ 'ಸ್ಸ್'. ಭಾನುವಾರ ಬೆಳಿಗ್ಗೆ ಮಂಡ್ಯದವರೆಗೆ ಹೋಗಿ ಬಂದೆ. ತೊಂಬತ್ತರಲ್ಲಿ ಟೈರಿನ ಸದ್ದು, ಗಾಳಿಯ ಸದ್ದು, ಅಷ್ಟೇ. ತೊಪ್ಪಿ ಬಿದ್ದ ಕಡೆ ತೊಪ್ಪಿ ಮಾತ್ರ ಕೇಳಿತು.

ಮೇಸ್ತ್ರಿ ಅವತ್ತು ಹೊರಡುವಾಗ, "ಇಂಥದ್ದೊಂದು ನಮಗೂ ಮಾಡ್ಕೊಡ್ತೀರಾ ಸಾರ್?" ಅಂತ ಕೇಳಿದ್ದರು. ಅವರಿಗೆ ಎರಡು ಬೋರ್ಡು, ಮೂರು ಗುಂಡಿ ಬೇಡ, ಒಂದೇ ಸ್ವಿಚ್ ಸಾಕು. ಹಾಗಾಗಿ 40 ಮತ್ತು 38 ಎರಡನ್ನೂ ಒಂದೇ ಆರ್ಡುಯಿನೋದಿಂದ ತೆಗೆಯುತ್ತಿದ್ದೇನೆ. ಊಟದ ಸ್ಟೀಲ್ ಡಬ್ಬಿಯೊಂದಕ್ಕೆ ತೂತು ಕೊರೆದಿದ್ದೇನೆ, ಹೆಡ್‌ಫೋನ್ ಜ್ಯಾಕ್ ಕೂರಿಸುವುದು ಬಾಕಿ ಇದೆ.